ದೊಡ್ಡವ್ವನ ಮಣ್ಣಿನ ದುಡ್ಡು

1 ಫೆಬ್ರವರಿ 94, ಮಂಗಳವಾರ. ಮಧ್ಯಾಹ್ನ 3

ಸಂಬಳ ಬಂತು. ಮನೆ ಖರ್ಚಿಗೆ ಅಂತ ಇವ್ರು ಕೈಗೆ ಕೊಟ್ಟದ್ದು 1,500. ಎರಡು ಸಲ ಎಣಿಸಿ ಕೊಟ್ರು. ಸೊಸೈಟಿ ಗುಮಾಸ್ತರಲ್ವಾ, ಹೆಂಡ್ತಿ ಹತ್ರ ರಸೀದಿ ಇಸ್ಕೊಳಕ್ಕಾಗಲ್ಲ ಅಂತ ಸಂಕಟ.

ಅಕ್ಕಿ 20 ಕೆಜಿ ತರ್ತಿದ್ದೆ, 12ಕ್ಕೆ ಇಳಿಸ್ದೆ. ಮಿಕ್ಕಿದ್ದು ರಾಗಿ. ತೊಗರಿಬೇಳೆ ಬಂದ್, ಹುರುಳಿ ಸಾಕು. ಹಾಲು ಅರ್ಧ ಲೀಟರು. ಗ್ಯಾಸು ಬೆಳಿಗ್ಗೆ ಕಾಫಿಗೆ ಮಾತ್ರ, ಮಿಕ್ಕ ಅಡಿಗೆಗೆಲ್ಲ ಹೊಟ್ಟಿನ ಒಲೆ. ಸಾಮಿಲ್ಲಲ್ಲಿ ಮರದ ಹೊಟ್ಟು ಮೂಟೆಗೆ ಐದೇ ರೂಪಾಯಿ. ಪೇಪರು ನಿಲ್ಸಿ ಅಂದೆ — ಕೇಳ್ಲಿಲ್ಲ. ಆಫೀಸಲ್ಲಿ ಓದಿದ್ದನ್ನೇ ಮನೇಲೂ ಓದ್ಬೇಕಂತೆ.

ಹೋದ ತಿಂಗ್ಳು ರವಿಕೆ ಹೊಲಿದದ್ದು 14. ಎಲ್ಲ ಸೇರಿ ಉಳಿದದ್ದು 520. ಡಬ್ಬೀಲಿ ಈಗ 4,100. ಆಗ್ಬೇಕಾದ್ದು 12,000.

ಈ ಬುಕ್ಕು ಯಾರೂ ಮುಟ್ಟಲ್ಲ. ಹೊಲಿಗೆ ಅಳತೆ ಬರ್ಕೊಳೋದು ಅಂತ ಅಂದ್ಕೊಂಡವ್ರೆ. ಸಾಲ ಆದದ್ದು ಹೆಂಗೆ ಅಂತ ಒಂದ್ಸಲ ನೆಟ್ಟಗೆ ಬರ್ದುಬುಡ್ತೀನಿ. ಹೊಟ್ಟೇಲಿ ಮಡಿಕ್ಕಂಡು ಸಾಕಾಗೈತೆ.

ಹೋದ ವರ್ಷ ನಮ್ಮ ಬೀದಿ ಹೆಂಗಸ್ರಿಗೆ ಚೀಟಿ ನಡೆಸ್ತಿದ್ದೆ. ಇಪ್ಪತ್ತು ಜನ. ಎರಡನೇ ತಿಂಗ್ಳೇ ಚೀಟಿ ಎತ್ಕೊಂಡೋಳು, ಹಿಂದಿನ ಬೀದಿ ಬಾಡಿಗೆ ಮನೆಯೋಳು, ಪಾತ್ರೆಪಡಗ ಸಮೇತ ಊರು ಬಿಟ್ಲು. ಚೀಟಿ ನಡೆಸೋಳೇ ತುಂಬ್ಕೊಡಬೇಕು. ಇವ್ರು ಚೀಟಿಪಾಟಿ ಬ್ಯಾಡ ಅಂತ ಮೊದ್ಲೇ ಹೇಳಿದ್ರು. ನಾನು ಕಿಶನ್ ತಲೆ ಮುಟ್ಟಿ ನಿಲ್ಸಿವ್ನಿ ಅಂದಿದ್ದೆ. ಮಗನ ತಲೆ ಮುಟ್ಟಿ ಸುಳ್ಳು! ಇನ್ಯಾವ ಬಾಯಲ್ಲಿ ಗಂಡನ್ನ ದುಡ್ಡು ಕೇಳಲಿ.

ಸಿಂಧಘಟ್ಟಕ್ಕೆ ಹೋಗಿ ದೊಡ್ಡವ್ವನ ಮುಂದೆ ಅತ್ತುಬುಟ್ಟೆ. ಚಿಕ್ಕಬೋರಮ್ಮ, ನಮ್ಮವ್ವನ ಅಕ್ಕ. ಅವ್ವ ಸತ್ತ ಮ್ಯಾಲೆ ನನ್ನ ಬಾಣಂತನ ಮಾಡಿದೋಳು. ಯಾಕೆ ಏನು ಅಂತ ಕೇಳ್ಲಿಲ್ಲ. ಒಳಗೆ ಹೋಗಿ ರಾಗಿ ತುಂಬಿಡೋ ವಾಡೇಲಿ ಭುಜದವರ್ಗೂ ಕೈ ಬುಟ್ಟು ಗಂಟು ತೆಗೆದ್ಲು. ಅವಳ ಮಣ್ಣಿನ ದುಡ್ಡು. ಸತ್ತಾಗ ಮಣ್ಣು ಮಾಡಕ್ಕೆ, ಹನ್ನೊಂದನೇ ದಿನ ತಿಥಿ ಊಟಕ್ಕೆ ಮಗ ಯಾರ ಮುಂದೂ ಕೈ ಚಾಚಬಾರ್ದು ಅಂತ ಹದಿನೈದು ವರ್ಷ ಡೈರಿಗೆ ಹಾಲು ಹಾಕಿ ಕೂಡಿಟ್ಟದ್ದು. ಎಲ್ಲ ಹತ್ತರ, ಇಪ್ಪತ್ತರ ನೋಟು. ಮಗ ಸಿದ್ದರಾಜುಗೆ ಹೇಳಬ್ಯಾಡ, ಬೈತಾನೆ ಅಂದ್ಲು. ನಾನು ಸಾಯೋ ಹೊತ್ಗೆ ವಾಡೇಲಿ ಇದ್ರಾಯ್ತು ಅಂದ್ಲು. ಹಲ್ಲಿಲ್ಲದ ಬಾಯಿ ಬುಟ್ಟು ನಗ್ತಾ ಅಂದ್ಲು.

14 ಫೆಬ್ರವರಿ

ಕಿಶನ್ ಸ್ಕೂಲಿಂದ ಶ್ರೀರಂಗಪಟ್ಟಣಕ್ಕೆ ಟೂರು. 40 ರೂಪಾಯಿ. ಆ ಬಿಸಿಲಲ್ಲಿ ಏನು ನೋಡ್ತೀಯ, ದೊಡ್ಡೋನಾದ್ಮೇಲೆ ಹೋಗೀವಂತೆ ಅಂದೆ. ಹಟ ಮಾಡ್ಲಿಲ್ಲ. ಹಟ ಮಾಡಿದ್ರೆ ಎರಡು ಬಾರಿಸಿ ಸುಮ್ಮನಾಗ್ತಿದ್ದೆ. ನಂಗೆ ಜ್ವರ ಅಂತ ಮೇಷ್ಟ್ರಿಗೆ ಹೇಳ್ತೀನಿ ಬುಡವ್ವ ಅಂದ. ನಾಲ್ಕನೇ ಕ್ಲಾಸಿಗೇ ನನ್ನ ವಿದ್ಯೆ ಕಲಿತವ್ನೆ.

12 ಏಪ್ರಿಲ್, ವರ್ಷತೊಡಕು

ಸಿಂಧಘಟ್ಟದಲ್ಲಿ ಬಾಡೂಟ. ಡಬ್ಬೀಲಿದ್ದ 5,200ರಲ್ಲಿ ಐದು ಸಾವಿರ ಸೀರೆ ಸೆರಗಿಗೆ ಗಂಟು ಹಾಕ್ಕೊಂಡು ಹೋಗಿದ್ದೆ. ದೊಡ್ಡವ್ವನ್ನ ಹಿತ್ತಲಿಗೆ ಕರ್ಕೊಂಡೋಗಿ ಕೊಟ್ರೆ ಮುಟ್ಟಲೇ ಇಲ್ಲ. ಮಣ್ಣಿನ ದುಡ್ಡು ಬಿಡಿಬಿಡಿಯಾಗಿ ವಾಡೆಗೆ ಹಾಕಬಾರ್ದಂತೆ.

"ಚಿಲ್ಲರೆ ಚಿಲ್ಲರೆ ತಂದ್ರೆ ಚಿಲ್ಲರೆ ಚಿಲ್ಲರೆ ಸಾಯ್ಬೇಕಾಯ್ತದೆ ಕಣವ್ವ. ಒಂದೇ ಸಲ ತಾ. ಒಂದೇ ಸಲ ಹೋಯ್ತೀನಿ."

ನಂಗೂ ನಗು ಬಂತು. ವಾಪಸ್ ಗಂಟು ಹಾಕ್ಕೊಂಡೆ. ನಿಜ ಹೇಳ್ಬೇಕಂದ್ರೆ ಒಳಗೊಳಗೇ ಸಂತೋಷನೂ ಆಯ್ತು — ಕೈಲಿ ಐದು ಸಾವಿರ ಇದ್ರೆ ಒಂದು ಧೈರ್ಯ.

ಸಿದ್ದರಾಜಣ್ಣನ ಹೆಂಡ್ತಿ ವೀಣ ಅತ್ತೆಗೆ ಹಲ್ಲಿಲ್ಲ ಅಂತ ಕೈಮಾ ಬೇರೆ ಮಾಡಿದ್ಲು. ಕಾರ ಕಮ್ಮಿ, ಬೆರಳಲ್ಲಿ ಹಿಸುಕಿ ನೋಡಿ ನೋಡಿ ಬಡಿಸಿದ್ಲು. ಬೀಗದ ಕೈಯೆಲ್ಲ ಅವಳ ಸೊಂಟದಲ್ಲೇ. ದೊಡ್ಡವ್ವನೇ ಕೊಟ್ಟದ್ದು. ಹೊರಡೋವಾಗ ಎರಡು ಸೇರು ಅವರೆಕಾಳು ನನ್ನ ಬ್ಯಾಗಿಗೆ ತುಂಬಿದ್ಲು. ಬ್ಯಾಡ ಅಂದ್ರೂ ಕೇಳ್ಲಿಲ್ಲ. ಎಂಟು ರೂಪಾಯಿ ಉಳೀತು ಅಂತ ಬಸ್ಸಲ್ಲೇ ಲೆಕ್ಕ ಹಾಕ್ದೆ. ಬುದ್ಧಿ ಹೆಂಗಾಗೋಗೈತೆ ನೋಡು.

30 ಮೇ

ಇವರ ಎರಡು ಶರ್ಟಿನ ಕಾಲರು ಬಿಚ್ಚಿ ತಿರುಗಿಸಿ ಹೊಲಿದೆ. ಹೊಸದರಂಗೆ ಕಾಣ್ತದೆ. ನನ್ನ ಹೆಂಡ್ತಿ ಇದ್ರೆ ಬಟ್ಟೆ ಅಂಗಡಿಯೋರು ಉಪವಾಸ ಅಂತ ಆಫೀಸಲ್ಲೆಲ್ಲ ಹೇಳ್ಕೊಂಡವ್ರೆ. ಹೆಮ್ಮೆ. ಡಬ್ಬಿ 6,300.

15 ಜೂನ್, ಬುಧವಾರ. ಬೆಳಿಗ್ಗೆ

ನೆನ್ನೆ ದೊಡ್ಡವ್ವ ಹೋದ್ಲು.

ಬೆಳಿಗ್ಗೆ ರೊಟ್ಟಿ ತಿಂದು ಜಗಲಿ ಮ್ಯಾಲೆ ಕೂತಿದ್ಲಂತೆ. ಕೂತಂಗೇ. ಸೊಸೈಟಿಗೆ ಫೋನ್ ಬಂತು, ಇವ್ರು ಬಂದು ಕರ್ಕೊಂಡೋದ್ರು. ಬಸ್ಸಲ್ಲಿ ಅಳ್ತಾನೇ ಇದ್ದೆ. ದುಡ್ಡಿನ ನೆನಪೇ ಬರ್ಲಿಲ್ಲ — ಇದು ಸತ್ಯ. ಅಂಗಳಕ್ಕೆ ಕಾಲಿಟ್ಟಾಗ ಬಂತು.

ವಾಡೆ ಬಗ್ಗಿಸಿ ರಾಗಿಯೆಲ್ಲ ಅಂಗಳಕ್ಕೆ ಸುರ್ದಿದ್ರು. ಸಿದ್ದರಾಜಣ್ಣ ಮೊಣಕಾಲೂರಿ ರಾಗಿ ಜಾಲಾಡ್ತಿದ್ದ. ಅವ್ವ ಮಣ್ಣಿನ ದುಡ್ಡು ಮಡುಗಿವ್ನಿ ಅಂತ ಹತ್ತು ಸಲ ಹೇಳಿದ್ಲು, ಈ ವಾಡೆನೇ ತೋರ್ಸಿದ್ಲು ಅಂತ ಒಂದೇ ಸಮ. ವಾಡೆ, ಟ್ರಂಕು, ಹಾಸಿಗೆ, ಅಟ್ಟ. ಮೂರು ಸಲ ಹುಡುಕಿದ್ರು. ಎಲ್ಲಿಂದ ಬಂದಾತು!

ಆಮ್ಯಾಲೆ ವೀಣನ್ನ ಕೇಳಿದ. ಬೀಗದ ಕೈ ನಿನ್ನ ತಾವೇ ತಾನೆ ಇರೋದು ಅಂದ. ಅಲ್ಲೀವರ್ಗೂ ಬರೀ ಕೇಳೋ ದನಿ. ಅವನ ಸೋದರತ್ತೆ ಬೆಟ್ಟಮ್ಮ ಹೆಣದ ತಲೆ ಹತ್ರ ಕೂತಿದ್ದೋಳು, ವೀಣನ ಅಪ್ಪ ಮಂಚಯ್ಯ ದೇವಲಾಪುರದಲ್ಲಿ ಹೋದ ವರ್ಷ ಬೋರು ಕೊರ್ಸಿದ್ನಲ್ಲ, ಅದಕ್ಕೆ ದುಡ್ಡು ಎಲ್ಲಿಂದ ಬಂತು ಅಂದ್ಲು. ಅಷ್ಟೇ. ಅಂಗಳದಲ್ಲಿದ್ದೋರೆಲ್ಲ ವೀಣನ ಕಡೆ ತಿರುಗಿದ್ರು.

ವೀಣ ನನ್ನ ಪಕ್ಕದಲ್ಲೇ ನಿಂತಿದ್ಲು. ನನ್ನ ಕೈ ಹಿಡ್ಕೊಂಡ್ಲು.

"ಪ್ರಮೀಳಕ್ಕ, ನೀವಾದ್ರೂ ಯೋಳಿ. ಅತ್ತೆ ನಿಮ್ಮ ತಾವ ಎಲ್ಲ ಯೋಳ್ಕಂತಿದ್ರು."

ಇವ್ರು ಎದುರಿಗೇ ನಿಂತಿದ್ರು. ನನ್ನೇ ನೋಡ್ತಿದ್ರು.

"ನಂಗೇನೂ ಯೋಳಿಲ್ಲ ಕಣವ್ವ" ಅಂದೆ.

ಅಂದುಬುಟ್ಟೆ. ಮಾತು ತಾನಾಗೇ ಬಂತು. ವೀಣ ಕೈ ಬುಟ್ಲು.

25 ಜೂನ್

ತಿಥಿ ಆಯ್ತು. ಹಾಲು ಕರೀತಿದ್ದ ಹಸ ಮಾರಿ ಮಾಡ್ದ ಸಿದ್ದರಾಜಣ್ಣ. ಆ ಹಸದ ಹಾಲಲ್ಲೇ ದೊಡ್ಡವ್ವ ದುಡ್ಡು ಕೂಡಿಟ್ಟಿದ್ದು. ಮುನ್ನೂರು ಜನ ಉಂಡ್ರು. ನಾನೂ ಉಂಡೆ. ಎಲೆ ಮುಂದೆ ಕೂತ್ಕೊಂಡು ಉಣ್ಣದೆ ಎದ್ರೆ ಯಾರಾದ್ರೂ ಕೇಳ್ತಾರೆ ಅಂತ ಉಂಡೆ.

ಊಟ ಆದ್ಮೇಲೆ ಮಂಚಯ್ಯನೋರ ಮುಂದೆ ಮಾತು ಬಂತು. ಬೋರಿಗೆ ಬ್ಯಾಂಕ್ ಸಾಲ ಅಂತ ಪಾಸ್‌ಬುಕ್ಕು ತೋರಿಸಕ್ಕೆ ಹೋದ್ರು, ಯಾರೂ ಕೈಗೆ ಇಸ್ಕೊಳಿಲ್ಲ. ಆ ಮನುಷ್ಯ ಟವಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡು ನಡೆಯವ್ವ ಮನೆಗೆ ಅಂದ್ರು ಮಗಳಿಗೆ. ವೀಣ ಒಂದು ಬ್ಯಾಗು ತಗೊಂಡು ಹೊರಟ್ಲು. ಮಗಳು ರಂಜಿತನ್ನ ಕಳ್ಸಲ್ಲ ಅಂದ ಸಿದ್ದರಾಜಣ್ಣ. ಏಳು ವರ್ಷದ ಮಗು. ಬೆಟ್ಟಮ್ಮ ಎತ್ಕೊಂಡು ಒಳಕ್ಕೆ ಹೋದ್ಲು. ಬಸ್ ಸ್ಟಾಪಿನ ತನಕ ಆ ಮಗು ಕೂಗೋದು ಕೇಳ್ತಿತ್ತು.

ಡಬ್ಬಿ 6,750. ಇನ್ನು 5,250.

ಬೇಗ ಕೂಡಿಸ್ಬೇಕು. ಕೂಡಿಸಿ ಹೆಂಗಾದ್ರೂ ಮನೆಗೆ ಸೇರ್ಸಿದ್ರೆ ವೀಣ ವಾಪಸ್ ಬರ್ತಾಳೆ. ಇನ್ನೇನೂ ಯೋಚ್ನೆ ಬ್ಯಾಡ. ಲೆಕ್ಕ ಮಾತ್ರ.

9 ಜುಲೈ. ಮಧ್ಯಾಹ್ನ 3.20

ಮಿಷನ್ನು ತುಳೀತಿದ್ದೆ. ನಿಲ್ಸಿದೆ. ಸದ್ದು ನಿಲ್ಲಲಿಲ್ಲ.

ಟಕ್ ಟಕ್ ಟಕ್. ಅಡಿಗೆಮನೆ ಕಡೆಯಿಂದ. ದೊಡ್ಡವ್ವ ಎಲೆಅಡಿಕೆ ಕುಟ್ಟೋ ಸದ್ದು. ಹಲ್ಲಿಲ್ಲದೋಳು, ಊಟ ಆದ್ಮೇಲೆ ಕಬ್ಬಿಣದ ಕುಟ್ಟಾಣೀಲಿ ಕುಟ್ಕೊಂಡೇ ಬಾಯಿಗೆ ಹಾಕ್ಕೊಳೋಳು. ಎದ್ದು ಹೋಗಿ ನೋಡ್ದೆ. ನಲ್ಲಿ ಕಟ್ಟೈತೆ. ಪಕ್ಕದ ಮನೆಗೆ ಬೀಗ. ಬಂದು ಕೂತೆ. ಮತ್ತೆ ಟಕ್ ಟಕ್.

ಹಟ್ಟೀಲಿ ನಾನೊಬ್ಳೇ. ಹಗಲು ಹೊತ್ತು. ಬೀದೀಲಿ ಸೊಪ್ಪಿನೋಳು ಕೂಗ್ತಾವ್ಳೆ.

11 ಜುಲೈ

ಇವತ್ತೂ. ಮೂರು ಗಂಟೆಗೇ.

20 ಜುಲೈ

ಪೇಪರು ನಿಲ್ತು. ಕಾಫಿ ನಿಲ್ತು, ಬೆಲ್ಲದ ಟೀ. ಹಾಲು ಕಾಲು ಲೀಟರು, ಅದೂ ಇವರಿಗೆ, ಕಿಶನ್‌ಗೆ. ಸೋಪು ಎರಡು ತುಂಡು ಮಾಡಿ ಒಂದು ತುಂಡು ಇಡ್ತೀನಿ. ಸಂತೆಬಾಚಹಳ್ಳಿ ಸಂತೇಲಿ ಮುಚ್ಚೋ ಹೊತ್ತಿಗೆ ಹೋದ್ರೆ ಬದನೆಕಾಯಿ ಗುಡ್ಡೆ ಎರಡು ರೂಪಾಯಿ. ಬಸ್‌ಚಾರ್ಜು ಕಳೆದ್ರೂ ಲಾಭ. ವಾರಕ್ಕಾಗುವಷ್ಟು ಹೊತ್ಕೊಂಡು ಬರ್ತೀನಿ. ಭುಜ ಬಿದ್ದೋಗೈತೆ.

ಇವ್ರು ಇವತ್ತು ಊಟಕ್ಕೆ ಕೂತು ತಟ್ಟೆ ನೋಡಿದ್ರು. ಹುರುಳಿಸಾರು, ಐದನೇ ದಿನ. ದುಡ್ಡು ಸಾಲ್ತಾ ಇಲ್ವಾ ಅಂತ ಕೇಳಿದ್ರು. ಸಾಲ್ತದೆ, ಕಿಶನ್ ಮುಂದಿನ ಓದಿಗೆ ಉಳಿಸ್ತಿವ್ನಿ ಅಂದೆ. ಒಳ್ಳೇದು ಅಂದ್ರು. ಇನ್ನೊಂದು ಮುದ್ದೆ ಹಾಕಿಸ್ಕೊಂಡ್ರು. ಒಂದು ಮಾತು ಬೈದಿದ್ರೆ ಎಲ್ಲ ಹೇಳ್ಬುಡ್ತಿದ್ನೋ ಏನೋ.

18 ಆಗಸ್ಟ್

ಪಾಂಡವಪುರಕ್ಕೆ ಹೋಗಿ ಕಿವಿ ಓಲೆ ಮಾರ್ದೆ. ಕೆ.ಆರ್.ಪೇಟೆಲಿ ಮಾರಿದ್ರೆ ಸಾಯಂಕಾಲಕ್ಕೆ ಇಡೀ ಊರಿಗೆ ಸುದ್ದಿ. 3,050 ಬಂತು. ಮುತ್ತುಮಣಿ ಅಂಗಡೀಲಿ ಅದೇ ಥರದ್ದು ಕವರಿಂಗು 35 ರೂಪಾಯಿ. ಹಾಕ್ಕೊಂಡು ಬಂದೆ. ಇವ್ರು ನೋಡಿದ್ರು, ಗೊತ್ತಾಗ್ಲಿಲ್ಲ. ಓಲೆ ಇವರೇ ಮಾಡ್ಸಿದ್ದು, ಕಿಶನ್ ಹುಟ್ಟಿದಾಗ.

ಬಸ್ಸಲ್ಲಿ ಕಿಟಕಿ ಪಕ್ಕ ದೊಡ್ಡವ್ವ ಕೂತಿದ್ಲು. ಕೂತಿದ್ಲು ಅಂತ ಬರೀತಿದೀನಲ್ಲ, ನೆಟ್ಟಗಿವ್ನಾ ನಾನು? ಅದೇ ಕೆಂಪು ಅಂಚಿನ ಸೀರೆ. ಮಣ್ಣು ಮಾಡೋವಾಗ ಉಡ್ಸಿದ್ದು. ಅವಳು ದುಡ್ಡು ಕೇಳಲ್ಲ. ಕೇಳಿದ್ರೆ ಎಷ್ಟೋ ವಾಸಿ. ಇಷ್ಟಾಗೈತೆ, ಇನ್ನಿಷ್ಟು ಅಂತ ಲೆಕ್ಕ ಒಪ್ಪಿಸ್ತಿದ್ದೆ. ವೀಣ ಉಂಡ್ಲಾ ಅಂತ ಕೇಳ್ತಾಳೆ. ಅಷ್ಟೇ ಕೇಳೋದು. ಸ್ಟಾಪ್ ಬರೋವರ್ಗೂ ಮಡಿಲು ನೋಡ್ಕೊಂಡು ಕೂತಿದ್ದೆ.

3 ಸೆಪ್ಟೆಂಬರ್

ಕಿಶನ್ ಸ್ಕೂಲಲ್ಲಿ ಪ್ರೇಯರಿಗೆ ನಿಂತಿದ್ದೋನು ಬಿದ್ದ. ಡಾಕ್ಟ್ರು ರಕ್ತ ಕಮ್ಮಿ, ಹಾಲು ಮೊಟ್ಟೆ ಕೊಡಿ ಅಂದ್ರು. ಟಾನಿಕ್ಕು ಸೇರಿ 78 ರೂಪಾಯಿ. ಕಾಲು ಲೀಟರು ಹಾಲು ಉಳ್ಸಿ ನಾನು ಮಾಡಿದ ಸಾಧನೆ ಇದು. ಇವ್ರು ನನ್ನ ಮುಖ ನೋಡಿದ್ರು — ನಾನು ಎಲ್ಲೂ ನೋಡ್ಲಿಲ್ಲ. ನಾಳೆಯಿಂದ ಮಗೂಗೆ ಅರ್ಧ ಲೀಟರು. ನಂಗೆ ಮಧ್ಯಾಹ್ನದ ಊಟ ಬಂದ್. ಲೆಕ್ಕ ಸರಿಹೋಯ್ತದೆ.

11 ಸೆಪ್ಟೆಂಬರ್, ಭಾನುವಾರ

ಸಿಂಧಘಟ್ಟಕ್ಕೆ ಹೋಗಿದ್ದೆ. ರಂಜಿತನ ತಲೆ ಬಾಚಿದೆ. ಹೇನು ಬಿದ್ದೈತೆ. ನಮ್ಮವ್ವ ಯಾಕೆ ಕದ್ಲು ಅತ್ತೆ ಅಂತ ಕೇಳ್ತು ಮಗು. ಕದ್ದಿಲ್ಲ ಕಣವ್ವ ಅಂದೆ. ಅಂಗಂತ ಅಪ್ಪಂಗೆ ಯೋಳು ಅಂತು. ಅಪ್ಪ ಐದು ಅಡಿ ದೂರದಲ್ಲಿ ಕುಡುಗೋಲು ಮಸೀತಿದ್ದ.

ಹೇಳಬೇಕಾದ್ದು ಒಂದು ಮಾತು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಊಟ ಬುಟ್ಟೆ, ಓಲೆ ಮಾರ್ದೆ, ಮಗನ್ನ ಬೀಳಿಸ್ದೆ — ಈ ಒಂದು ಮಾತು ಮಾತ್ರ ಖರ್ಚು ಮಾಡಕ್ಕೆ ಆಗ್ತಿಲ್ಲ. ಜೂನ್‌ನಲ್ಲೇ ಹೇಳಿದ್ರೆ ನಾಚ್ಕೆಗೇಡು ಒಂದೇ. ಈಗ ಹೇಳಿದ್ರೆ ಮೂರು ತಿಂಗ್ಳು ಯಾಕೆ ಸುಮ್ಮನಿದ್ದೆ ಅಂತಾರೆ. ಇನ್ನೊಂದು ತಿಂಗ್ಳು ಬುಟ್ರೆ ನಾಲ್ಕು ತಿಂಗ್ಳು. ಬಡ್ಡಿ ಇಲ್ಲದ ಸಾಲ ಅಂದ್ಕೊಂಡಿದ್ದೆ. ಥೂ ನನ್ನ ಜನ್ಮಕ್ಕೆ. ತಲೆ ಬಾಚಿ ಎರಡು ಜಡೆ ಹಾಕಿ, ಟೇಪು ಕಟ್ಟಿ ಬಂದೆ.

30 ಸೆಪ್ಟೆಂಬರ್

ಹಬ್ಬದ ರವಿಕೆ 31 ಹೊಲಿದೆ. ಕಣ್ಣು ಉರಿ.

ಡಬ್ಬಿ 12,000.

ಎಣಿಸ್ದೆ. ಇನ್ನೊಂದ್ಸಲ ಎಣಿಸ್ದೆ. ಕಿರಾಣಿ ಅಂಗಡೀಲಿ ಚಿಲ್ಲರೆ ಎಲ್ಲ ಕೊಟ್ಟು ನೂರರ ನೋಟು ಮಾಡ್ಸಿದೆ. ನೂರಾ ಇಪ್ಪತ್ತು ನೋಟು. ಸಾಲ ಮುಗೀತು ಅಂತ ಜೋರಾಗಿ ಹೇಳ್ದೆ. ಅಡಿಗೆಮನೇಲಿ ಟಕ್ ಟಕ್ ನಿಲ್ಲಲಿಲ್ಲ.

5 ಅಕ್ಟೋಬರ್, ಬುಧವಾರ

ನೆನ್ನೆ ಮಾರ್ಲಮಿ. ಸತ್ತೋರಿಗೆ ಎಡೆ ಇಡೋ ಹಬ್ಬ. ಊರ ಯಜಮಾನ ಚೌಡಯ್ಯನೋರು ದೇವಲಾಪುರಕ್ಕೆ ಹೇಳಿ ಕಳ್ಸಿ ವೀಣನ್ನ ಕರೆಸಿದ್ರು. ಅತ್ತೆಗೆ ಮೊದಲ ವರ್ಷದ ಎಡೆ, ಸೊಸೆನೇ ಬೇಯಿಸಿ ಇಕ್ಕಬೇಕು, ಆಮ್ಯಾಲೆ ಏನಾದ್ರೂ ಮಾಡ್ಕಳಿ ಅಂದ್ರಂತೆ. ಬಂದಿದ್ಲು. ಸವೆದು ಹೋಗವ್ಳೆ. ರಂಜಿತ ಅವಳ ಸೀರೆ ಬುಡಲೇ ಇಲ್ಲ.

ಎಲ್ರೂ ಜಗಲೀಲಿದ್ರು. ಬೆಟ್ಟಮ್ಮ ಬಾಳೆಎಲೆ ಕುಯ್ಯಕ್ಕೆ ಹಿತ್ತಲಿಗೆ ಹೋಗಿದ್ಲು. ಎಡೆ ಸಾಮಾನು ತರ್ತೀನಿ ಅಂತ ಒಳಗೋದೆ. ವಾಡೇಲಿ ರಾಗಿ ಅರ್ಧ. ದೊಡ್ಡವ್ವನಂಗೇ ಭುಜದವರ್ಗೂ ಕೈ ಬುಟ್ಟೆ. ಹಳೇ ಬಟ್ಟೇಲಿ ಕಟ್ಟಿದ ಗಂಟು ಅಡೀಲಿ ಇಟ್ಟೆ. ಕೈಗೆ ಅಂಟಿದ ರಾಗಿ ಕೊಡವಿದೆ. ಮೂಲೇಲಿ ಸಿಕ್ಕಂಡಿತ್ತು, ಸರಿಯಾಗಿ ನೋಡಿಲ್ಲ ಅಂತ ಅಂದ್ಕೊಂತಾರೆ. ಯಾರಿಗೂ ಏನೂ ಹೇಳೋ ಹಂಗಿಲ್ಲ. ನಾನು ಹೇಳೋ ಹಂಗಿಲ್ಲ!

ಹೊರಗೆ ಬಂದ್ರೆ ಇನ್ನೊಂದು ಸಂತೋಷ. ಸಿದ್ದರಾಜಣ್ಣ ವೀಣಂಗೆ ನೀನೂ ಉಣ್ಣು ಅಂದ. ನಾಲ್ಕು ತಿಂಗ್ಳಿಗೆ ಮೊದಲ ಮಾತು. ದೀಪಾವಳಿ ಆದ್ಮೇಲೆ ಕರ್ಕೊಂಡು ಬಾ ಅಂತ ಚೌಡಯ್ಯನೋರು ಅಂದಾಗ ನೋಡಣ ಅಂದ. ನೋಡಣ ಅಂದ್ರೆ ಹೂಂ ಅಂತ. ನಂಗೊತ್ತಿಲ್ವಾ ಅವನ ಬುದ್ಧಿ. ವೀಣ ಸಾಯಂಕಾಲ ಅಪ್ಪನ ಜೊತೆ ಬಸ್ ಹತ್ತಿದ್ಲು, ಮಗಳಿಗೆ ಕೈ ಬೀಸ್ತಾ.

ಕಿಶನ್‌ಗೆ ಜಿಲೇಬಿ ತಂದೆ. ಕಾಲು ಕೆಜಿ. ಇವ್ರೂ ತಿಂದ್ರು. ಏನು ವಿಶೇಷ ಅಂದ್ರು. ಹಬ್ಬ ಅಂದೆ.

12 ಅಕ್ಟೋಬರ್. ಮಧ್ಯಾಹ್ನ

ಒಂದು ವಾರದಿಂದ ಸದ್ದಿಲ್ಲ. ಮೂರು ಗಂಟೆಗೆ ಮಲಗಿ ನಿದ್ದೆ ಮಾಡ್ತಿದೀನಿ. ಬೇಳೆಸಾರು ಮಾಡಿದೆ.

16 ಅಕ್ಟೋಬರ್, ಭಾನುವಾರ

ಸಿದ್ದರಾಜಣ್ಣ ಬಂದಿದ್ದ. ಚಪ್ಪಲೀನೂ ಬಿಡ್ಲಿಲ್ಲ.

ಮಿಲ್ಲಿಗೆ ಅಂತ ರಾಗಿ ತೆಗೀವಾಗ ಸಿಕ್ತಂತೆ. ದೇವ್ರು ದೊಡ್ಡೋನು ಅಂದೆ. ದೇವ್ರಲ್ಲ, ಕಳ್ಳಿ ಅಂದ. ಜೂನ್‌ನಲ್ಲಿ ರಾಗಿ ಅಂಗಳಕ್ಕೆ ಸುರಿದು ಮೂರು ಸಲ ಜಾಲಾಡಿದ ವಾಡೆ. ಆಗ ಇಲ್ಲದ್ದು ಈಗ ಎಲ್ಲಿಂದ ಬಂತು? ಮಾರ್ಲಮಿ ದಿನ ವೀಣ ಮನೆಯೊಳಗೆ ಇದ್ಲು. ಅವ್ವಂದು ಹತ್ತರ, ಇಪ್ಪತ್ತರ ನೋಟು, ಇದು ಎಲ್ಲ ಹೊಸ ನೂರರ ನೋಟು. ತಿಂದು ನೀರು ಕುಡಿದಿದ್ದೋರು ಈಗ ಕೂಡಿಸಿ ತಂದು ಮಡುಗವ್ರೆ. ಮಂಚಯ್ಯ ಹೋದ ತಿಂಗ್ಳು ಆರು ಕುರಿ ಮಾರವ್ನೆ, ಲೆಕ್ಕ ಸರಿಹೋಯ್ತಲ್ಲ ಅಂದ.

ಇವ್ರು ಪಕ್ಕದಲ್ಲೇ ಕೂತು, ಹೌದು ನೋಟು ಬದಲಾಗಿರೋದೇ ಸಾಕ್ಷಿ ಅಂದ್ರು. ಗುಮಾಸ್ತರ ಬುದ್ಧಿ.

"ಇಲ್ಲಿಗಂಟ ಒಂದು ಅನುಮಾನ ಇತ್ತು ಕಣವ್ವ. ತಪ್ಪು ನಂದೇ ಏನೋ ಅಂತ ನಿದ್ದೆ ಬರ್ತಿರ್ಲಿಲ್ಲ. ಈಗ ಹಗುರ ಆಯ್ತು" ಅಂದ ಸಿದ್ದರಾಜಣ್ಣ.

ಗುರುವಾರ ಚೌಡಯ್ಯನೋರ ಜೊತೆ ದೇವಲಾಪುರಕ್ಕೆ ಹೋಗ್ತಾವ್ರೆ. ಸಂಬಂಧ ಬೇಡ ಅಂತ ಬರ್ಕೊಟ್ಟು, ಬರೆಸ್ಕೊಂಡು ಬರಕ್ಕೆ. ಮಗು ಅಪ್ಪನ ಹತ್ರ.

ನಾನು ಟೀ ಮಾಡಿಕೊಟ್ಟೆ. ಮಾಡಿಕೊಟ್ಟೆ ಟೀ.

17 ಅಕ್ಟೋಬರ್. ಮಧ್ಯಾಹ್ನ 3

ಬೆಳಿಗ್ಗೆ ಇವ್ರು ಆಫೀಸಿಗೆ ಹೋದ ಕೂಡಲೇ ಸಿಂಧಘಟ್ಟಕ್ಕೆ ಹೋದೆ. ಹೇಳ್ದೆ. ಚೀಟಿ, ದೊಡ್ಡವ್ವ, ವಾಡೆ, ಹನ್ನೆರಡು ಸಾವಿರ. ಕೊಟ್ಟಿಗೇಲಿ ನಿಂತ್ಕೊಂಡು ಒಂದೇ ಉಸುರಿಗೆ ಹೇಳ್ದೆ.

ಸಿದ್ದರಾಜಣ್ಣ ನಗಾಡಿದ. ಬೈದಿದ್ರೆ, ಕಪಾಳಕ್ಕೆ ಹೊಡೆದಿದ್ರೆ! ನಗಾಡಿದ. ನಿನ್ನ ಗಂಡ ಸೊಸೈಟೀಲಿ ಗುಮಾಸ್ತ, ನಿಂಗ್ಯಾಕೆ ಅವ್ವನ ಮಣ್ಣಿನ ದುಡ್ಡು ಬೇಕಿತ್ತು ಅಂದ. ಅವ್ವ ನಂಗೇಳದೆ ಕೊಡೋಳಲ್ಲ ಅಂದ. ಪತ್ರ ಇಲ್ಲ, ಸಾಕ್ಷಿ ಇಲ್ಲ. ಹೆಣದ ಮುಂದೆ ನಿಂತು ನಂಗೇನೂ ಯೋಳಿಲ್ಲ ಅಂದೋಳು ನೀನೇ ತಾನೆ ಅಂದ. ವೀಣ ಮ್ಯಾಲೆ ಕರುಣೆ ನಿಂಗೆ, ಮಗು ಮುಖ ನೋಡಿ ಇಂಗೆ ಮಾಡ್ತಿದೀಯ, ನಿನ್ನ ಮನಸು ಒಳ್ಳೇದು ಅಂದ.

ನಿನ್ನ ಮನಸು ಒಳ್ಳೇದು.

ಬೇಕಾದ್ರೆ ನಿನ್ನ ಗಂಡ ರವೀಂದ್ರನ್ನೇ ಕೇಳಿ ನೋಡ್ತೀನಿ ಅಂದ. ಇವರನ್ನ ಕೇಳಿದ್ರೆ ಇವ್ರೂ ಇಲ್ಲ ಅಂತಾರೆ. ಇವರಿಗೆ ಗೊತ್ತೇ ಇಲ್ಲವಲ್ಲ. ಚೀಟಿ ಹೆಂಗಸ್ರನ್ನ ಕೇಳಿದ್ರೆ ಅವರ ದುಡ್ಡು ಅವರಿಗೆ ಬಂದೈತೆ, ಅದು ಎಲ್ಲಿಂದ ಬಂತು ಅಂತ ಅವರಿಗೇನು ಗೊತ್ತು. ಎಷ್ಟು ಚೆನ್ನಾಗಿ ಮುಚ್ಚಿಟ್ಟಿವ್ನಿ ನಾನು! ಒಂದು ಎಳೆ ಹೊರಗೆ ಕಾಣದಂಗೆ ಹೊಲಿದಿವ್ನಿ.

ಬರೆದಿರೋದು ಇಲ್ಲಿ ಮಾತ್ರ. ಫೆಬ್ರವರಿಯಿಂದ. ದೊಡ್ಡವ್ವ ಬದುಕಿದ್ದಾಗಿಂದ ತಾರೀಖು ಸಮೇತ.

19 ಅಕ್ಟೋಬರ್, ಬುಧವಾರ. ಬೆಳಿಗ್ಗೆ 5.40

ನಾಗಮಂಗಲದ ಬಸ್ಸು ಆರೂವರೆಗೆ. ಅಲ್ಲಿಂದ ದೇವಲಾಪುರ. ಅವ್ರು ನಾಳೆ ಬರೋದು. ಇವತ್ತೇ ಈ ಬುಕ್ಕು ವೀಣನ ಕೈಲಿರಬೇಕು. ಚೌಡಯ್ಯನೋರ ಮುಂದೆ ಅವಳೇ ತೆಗೆದು ಇಡ್ಲಿ. ಪಂಚಾಯ್ತೀಲಿ ಓದ್ತಾರೆ. ಸಾಯಂಕಾಲಕ್ಕೆ ಇವರಿಗೂ ಗೊತ್ತಾಯ್ತದೆ. ಚೀಟಿ, ಕಿಶನ್ ತಲೆ, ಓಲೆ, ಹಾಲು.

ನೆನ್ನೆ ಇಡೀ ದಿನ ಹರೀಬೇಕಾದ ಹಾಳೆ ನೋಡ್ತಿದ್ದೆ. ಜೂನ್ ಹಾಳೆ ಒಂದು ಹರಿದ್ರೆ ಸಾಕು, ಸಾಲ ಇತ್ತು, ತೀರಿಸ್ದೆ ಅಂತ ಮಾತ್ರ ಉಳೀತದೆ. ಕೇಳಿದ್ಲು, ಇಲ್ಲ ಅಂದೆ ಅನ್ನೋದು ಇರಲ್ಲ. ಕತ್ತರಿ ಕೂಡ ತಗೊಂಡಿದ್ದೆ. ಆದ್ರೆ ನಡುವಿಂದ ಹಾಳೆ ಹೋಗಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ. ಕತ್ತರಿ ವಾಪಸ್ ಇಟ್ಟೆ.

ಇವ್ರು ಇನ್ನೂ ಮಲಗವ್ರೆ. ಕಿಶನ್ ಹಾಲು ಕಾಯಿಸಿ ಮುಚ್ಚಿಟ್ಟಿವ್ನಿ.

ಇಷ್ಟು ದಿನ ಯಾರಿಗೂ ಅಂತ ಬರೀಲಿಲ್ಲ. ಈಗ ನಿಂಗೆ ಬರೀತಿದೀನಿ, ವೀಣ. ಶುರೂಲಿ ಎಲ್ಲ ಅಕ್ಕಿ ಬೇಳೆ ಲೆಕ್ಕ, ಅದನ್ನೇನೂ ಓದಬ್ಯಾಡ. ನೀನು ಕೊಟ್ಟ ಅವರೆಕಾಳಿಗೂ ರೇಟು ಹಾಕಿವ್ನಿ, ಬೈಕೊಂಡು ಮುಂದಕ್ಕೆ ಹೋಗು. ಹದಿನೈದನೇ ಜೂನ್ ತೆಗಿ. ಅಲ್ಲೂ ಪೂರ್ತಿ ಬರೆದಿಲ್ಲ. ಅವತ್ತು ನೀನು ನನ್ನ ಕೈ ಹಿಡ್ಕೊಂಡು ಕೇಳ್ದಾಗ ಮಾತು ತಾನಾಗೇ ಬಂತು ಅಂತ ಬರ್ದಿವ್ನಿ. ಅದು ಸುಳ್ಳು. ಬೆಟ್ಟಮ್ಮ ನಿಮ್ಮಪ್ಪನ ಬೋರಿನ ಮಾತು ಎತ್ತಿದಾಗಲೇ ನಾನು, ನಿನ್ನ ಪಕ್ಕದಲ್ಲಿ ನಿಂತು, ಸದ್ಯ ನನ್ನ ಮ್ಯಾಲೆ ಬರ್ಲಿಲ್ಲ ಅಂತ ಅಂದ್ಕೊಂಡೆ.